ಬಂದು ಹೋದವನು

ನನ್ನ ತಮ್ಮ ಗಣಪಿಗೆ ಮೊದಲ ಸಲ ಕೊರೋನಾ ಬಂದಾಗ ನಮ್ಮ ಕೇರಿಯ ಒಂದು ನರಪಿಳ್ಳೆಯೂ ಅಂಗಳ ಮೆಟ್ಟಲಿಲ್ಲ. ಅವನು ಗುಣವಾದ ಮೇಲೆ ಎಲ್ಲರೂ ಬಂದರು. ಹೇಗಿದ್ದೀಯ ಎಂದು ಕೇಳುವುದಕ್ಕಲ್ಲ, ಕರೆದುಕೊಂಡು ಹೋಗುವುದಕ್ಕೆ.

ಇವತ್ತಿಗೂ ನಾನು ಅದನ್ನು ಮರೆತಿಲ್ಲ. ಆ ಕಾಲವೇ ಹಾಗಿತ್ತು ಸರೋಜಕ್ಕ, ಎಲ್ಲರಿಗೂ ಹೆದರಿಕೆ, ಮರೆತುಬಿಡು ಎನ್ನುತ್ತಾರೆ ಜನ. ಹೆದರಿಕೆಯನ್ನು ನಾನು ದೂರುವುದಿಲ್ಲ, ಅದು ನನಗೂ ಇತ್ತು. ಹೆದರಿದವರು ಬಾಗಿಲು ಹಾಕಿಕೊಂಡು ಕೂರಲಿ. ಆದರೆ ಇವರು ಬಾಗಿಲ ಸಂದಿಯಿಂದ ಕೈ ಹೊರಗೆ ಚಾಚಿ ಇನ್ನೊಬ್ಬನನ್ನು ಬೆಂಕಿಯೊಳಗೆ ತಳ್ಳಿದರಲ್ಲ, ಅದಕ್ಕೆ ಹೆದರಿಕೆ ಎನ್ನುವ ಹೆಸರು ಸಾಲುವುದಿಲ್ಲ.

ನಮ್ಮದು ಕುಮಟೆಯ ಪಕ್ಕ, ಹೊಳನಗದ್ದೆ ದಾಟಿದ ಮೇಲೆ ಗದ್ದೆಯ ಅಂಚಿಗೆ ಇರುವ ಸಣ್ಣ ಕೇರಿ. ನಾನು ಹೊನ್ನಾವರಕ್ಕೆ ಮದುವೆಯಾಗಿ ಹೋದವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಶೀನು ಹೊತ್ತುಕೊಂಡು ತವರಿಗೆ ವಾಪಸು ಬಂದೆ. ಮನೆಯಲ್ಲಿ ನಾವು ಮೂವರು. ನಮ್ಮ ತಾಯಿ ಸಣ್ಣಮ್ಮ, ಅವಳನ್ನು ನಾವು ಅವ್ವಿ ಎನ್ನುತ್ತಿದ್ದೆವು. ಆಮೇಲೆ ನಾನು, ಗಣಪಿ. ಅವನು ಮದುವೆಯಾಗಲಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಈರುಳ್ಳಿ ನೆಟ್ಟು, ಬೇಸಿಗೆಯಲ್ಲಿ ಗೊಂಚಲು ಕಟ್ಟಿ, ಹೆದ್ದಾರಿಯ ಬದಿ ಬಿದಿರ ಗಳು ಹುಗಿದು ತೂಗುಹಾಕಿ ಮಾರುತ್ತಿದ್ದ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ಮನುಷ್ಯ. ನನ್ನನ್ನು ಕೇಳಿದರೆ ಅವನಿಗಿದ್ದ ದೊಡ್ಡ ರೋಗ ಅದೇ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಆ ಮನೆಗೆ ಬೇರೆಯವರು ಕಾಲಿಡುವುದಿಲ್ಲ. ಹಿಂದೆ ಯಾರಿಗೆ ಅಮ್ಮ ಬಂದು ಹೋಗಿದ್ದಾಳೋ ಅವರು ಮಾತ್ರ ಹೋಗಿ ಸೇವೆ ಮಾಡಬೇಕು. ಬೇವಿನ ಸೊಪ್ಪು ಹಾಸಿ ಮಲಗಿಸಬೇಕು, ಎಳನೀರು ಕುಡಿಸಬೇಕು, ಗುಳ್ಳೆ ಒಣಗಿದ ಮೇಲೆ ತಲೆಗೆ ನೀರು ಹಾಕಿ ಎಬ್ಬಿಸಬೇಕು. ಒಮ್ಮೆ ಬಂದ ಮೈಗೆ ಅಮ್ಮ ಮತ್ತೆ ಬರುವುದಿಲ್ಲ ಎಂಬುದು ನಂಬಿಕೆ. ಅವ್ವಿಗೆ ಎಳವೆಯಲ್ಲೇ ಬಂದಿತ್ತು. ಹಾಗಾಗಿ ಸುತ್ತಲಿನ ಕೇರಿಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ದುಡ್ಡು ಮುಟ್ಟುವಂತಿಲ್ಲ. ರೋಗಿ ಎದ್ದ ದಿನ ಆ ಮನೆಯ ಊಟದಲ್ಲಿ ಅವಳಿಗೆ ಮೊದಲ ಎಲೆ, ಹೊರಡುವಾಗ ಮಡಿಲಿಗೆ ಒಂದು ತೆಂಗಿನಕಾಯಿ. ಗುಳ್ಳೆಯ ರೋಗಕ್ಕೆ ಈ ಪದ್ಧತಿ ಸರಿಯೇ. ಎಷ್ಟೋ ಮಕ್ಕಳನ್ನು ಅವ್ವಿ ಉಳಿಸಿದ್ದಾಳೆ.

ಗಣಪಿಗೆ ಕೊರೋನಾ ಬಂದದ್ದು ಮೊದಲ ವರ್ಷ, ಮಳೆ ಕಡಿಮೆಯಾಗುವ ಹೊತ್ತಿಗೆ. ಜ್ವರ, ಕೆಮ್ಮು, ಬಾಯಿಗೆ ರುಚಿಯಿಲ್ಲ. ಪಂಚಾಯತಿಯವರು ಬಂದು ಗೇಟಿಗೆ ಪಟ್ಟಿ ಕಟ್ಟಿದರು. ನನ್ನದೂ ಅವ್ವಿಯದೂ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಗಣಪಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿ, ನಾನು ಬಾಗಿಲಲ್ಲಿಟ್ಟ ಗಂಜಿ ಉಂಡು, ಹಾಗೇ ಎದ್ದ.

ಎದ್ದವನನ್ನು ಕೇರಿ ಹೇಗೆ ನೋಡಿಕೊಂಡಿತು ಎಂದು ಕೇಳಿ. ರವೀಂದ್ರನೆಂದರೆ ನಮ್ಮ ಕೇರಿಯ ದಿನಸಿ ಅಂಗಡಿಯವನು. ಹಿಂದೊಮ್ಮೆ ಪಂಚಾಯತಿ ಮೆಂಬರೂ ಆಗಿದ್ದವ. ಗಣಪಿ ಅಂಗಡಿಗೆ ಹೋದರೆ ಅವನು ಕೋಲಿನಿಂದ ದೂರದ ಮೂಲೆ ತೋರಿಸಿ, "ಅಲ್ಲೇ ನಿಂತ್ಕಾ ಮಾರಾಯ, ಸಾಮಾನು ನಾನೇ ಅಲ್ಲಿ ಇಡ್ತೆ" ಎನ್ನುತ್ತಿದ್ದ. ಬೇಸಿಗೆ ಬಂತು. ಗಣಪಿ ಈರುಳ್ಳಿ ಗೊಂಚಲು ತೂಗುಹಾಕಿ ಕುಳಿತರೆ, ಪಕ್ಕದಲ್ಲೇ ಈರುಳ್ಳಿ ಮಾರುವ ನಾಗಪತಿ ಕಾರು ನಿಲ್ಲಿಸಿದವರ ಹತ್ತಿರ ಬಗ್ಗಿ ಹೇಳುತ್ತಿದ್ದ, "ಅವ್ರ ಮನೀಲೆ ಕೊರೋನಾ ಆಗಿತ್ತು, ಹೇಳ್ಲಿಲ್ಲ ಹೇಳ್ಬೇಡಿ." ಗುಣವಾಗಿ ಆರು ತಿಂಗಳಾದ ಮೇಲೆ! ಗಣಪಿಯ ಈರುಳ್ಳಿ ಗಳುವಿನ ಮೇಲೇ ಮೊಳಕೆಯೊಡೆಯಿತು. ನಾನು ಜಗಳಕ್ಕೆ ಹೊರಟರೆ ಅವನೇ ಸೆರಗು ಹಿಡಿದು ಎಳೆದ.

"ಬಿಡೆ ಅಕ್ಕ. ಅವ್ರಿಗೂ ಹೊಟ್ಟೆ ಅದೆ."

ಅದೇ ನಾಗಪತಿಯ ಅಣ್ಣನಿಗೆ ಏಪ್ರಿಲಿನಲ್ಲಿ ಕೊರೋನಾ ಬಂತು. ಈ ಸಲದ್ದು ಹಿಂದಿನ ಹಾಗಲ್ಲ, ಗಟ್ಟಿಮುಟ್ಟಾದ ಆಳುಗಳನ್ನೇ ಕೆಡವುತ್ತಿತ್ತು. ನಾಗಪತಿ ನಮ್ಮ ಗೇಟಿನ ಆಚೆ ನಿಂತು ಕರೆದ.

"ಗಣಪಿ, ಸ್ವಲ್ಪ ಬಂದು ಹೋಗು ಮಾರಾಯ. ಅಣ್ಣಂಗೆ ಎದ್ದು ಕೂತ್ಕಳುಕೂ ಆಗೂದಿಲ್ಲ. ನಿಂಗೆ ಹೋದ ವರ್ಷವೇ ಬಂದು ಹೋಗದೆ, ನಿಂಗೆ ಎಂತದೂ ಆಗೂದಿಲ್ಲ."

ಅವತ್ತೇ ಶುರುವಾದದ್ದು. ಅಮ್ಮನಿಗೆ ಇದ್ದ ನಿಯಮವನ್ನು ಕೇರಿಯವರು ಎತ್ತಿ ಕೊರೋನಾಕ್ಕೆ ಹಾಕಿಬಿಟ್ಟರು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಗಣಪಿ ಎಂದರೆ ಬಂದು ಹೋದವನು. ರೋಗಿಯನ್ನು ಎತ್ತುವುದು, ತೊಳೆಯುವುದು, ಗಂಜಿ ಕುಡಿಸುವುದು, ಸತ್ತರೆ ಹೆಣಕ್ಕೆ ಬಟ್ಟೆ ಸುತ್ತುವುದು ಎಲ್ಲ ಅವನ ಪಾಲಿಗೆ ಬಂತು. ಮೇಲಾಗಿ ಹೆಂಡತಿ ಮಕ್ಕಳಿಲ್ಲ. "ಹಿಂದೆ ಮುಂದೆ ಯಾರೂ ಇಲ್ಲ, ಪುಣ್ಯದ ಕೆಲಸ ಮಾಡ್ಲಿ ಬಿಡಿ" ಎಂದು ನಾಗಪತಿ ನನ್ನೆದುರೇ ಹೇಳಿದ. ನಾನು ಮತ್ತು ಅವ್ವಿ ಅವನ ಲೆಕ್ಕದಲ್ಲಿ ಯಾರೋ!

ಅವ್ವಿಯ ಸೇವೆಗೆ ಮೊದಲ ಎಲೆ ಸಿಗುತ್ತಿತ್ತು. ಗಣಪಿಗೆ ಸಿಕ್ಕಿದ್ದು ಏನು ಗೊತ್ತೆ? ಕೆಲಸ ಮುಗಿದ ಮೇಲೆ ನಾಗಪತಿ ಒಂದು ತೆಂಗಿನಕಾಯಿ ತಂದು ಕಂಪೌಂಡಿನ ಮೇಲಿಟ್ಟು, ಕಾಯಿ ಕೀಳುವ ದೋಟಿಯಿಂದ ನಮ್ಮ ಕಡೆಗೆ ನೂಕಿದ. ಕಾಯಿ ಉರುಳಿ ಅಂಗಳದ ಧೂಳಿಗೆ ಬಿತ್ತು. ಗಣಪಿ ಅದನ್ನು ಎತ್ತಿ ತೊಳೆದು ಒಳಗಿಟ್ಟ. ನಾನು ಅದನ್ನು ಹೊರಗೆ ಎಸೆದೆ. ಅವ್ವಿ ಮತ್ತೆ ಒಳಗೆ ತಂದಳು.

"ಸೇವೆಯ ಕಾಯಿ, ಎಸೀಬಾರ್ದು" ಎಂದಳು.

"ಇದು ಅಮ್ಮ ಅಲ್ಲ ಅವ್ವಿ, ಬೇರೆ ರೋಗ" ಎಂದೆ.

"ಯಾವ ರೋಗ ಆದ್ರೂ ಒಂದ್ಸಲ ಬಂದ ಮನೀಗೆ ದಾರಿ ಗುರ್ತು ಇರ್ತದೆ, ಮತ್ತೆ ಬರೂದಿಲ್ಲ. ನಂಗೆ ಬಂತಾ ಮತ್ತೆ? ನಮ್ಮನೀಗೆ ಇದು ನಡ್ಕಂಡು ಬಂದದ್ದು. ಅಂವ ಮಾಡ್ಲಿ."

ಅವಳಿಗೆ ಹೆಮ್ಮೆಯಾಗಿತ್ತು, ಅದು ನನಗೆ ಕಾಣುತ್ತಿತ್ತು. ಕಾಲು ಸೋತು ದೂರ ನಡೆಯಲಾಗದ ಮೇಲೆ ಅವಳನ್ನು ಕೇಳುವವರಿರಲಿಲ್ಲ. ಈಗ ಮತ್ತೆ ಗೇಟಿನಲ್ಲಿ ಜನ ನಿಂತು ಕರೆಯುವಂತಾಯಿತು. ಹೆತ್ತ ತಾಯಿಯ ಮೇಲೆ ಅಸಹ್ಯ ಪಡಬಾರದು ಎನ್ನುತ್ತಾರೆ. ಆ ಹೊತ್ತಿಗೆ ನಾನು ಪಟ್ಟೆ.

ಹೊಲಿಗೆಗೆ ಬಂದ ಹೆಂಗಸೊಬ್ಬಳು ಶಾಲೆಯಲ್ಲಿ ಲಸಿಕೆ ಹಾಕುತ್ತಾರೆ ಎಂದಳು. ನಲವತ್ತೈದು ದಾಟಿದವರಿಗೆಲ್ಲ. ನನಗೂ ದಾಟಿತ್ತು, ಗಣಪಿಗೂ ದಾಟಿತ್ತು; ಅವ್ವಿ ಮಾತ್ರ ಸೂಜಿ ಬೇಡ ಎಂದಳು. ವಿಚಾರಿಸಿಕೊಂಡು ಬರೋಣವೆಂದು ಹೋದೆ. ಅಲ್ಲಿದ್ದ ಡಾಕ್ಟರಮ್ಮನನ್ನು ಕೇಳಿದೆ.

"ನನ್ನ ತಮ್ಮಂಗೆ ಹೋದ ವರ್ಷವೇ ಬಂದು ಹೋಗಿದೆ. ಅವನಿಗೆ ಬೇಕಾ?"

"ಬೇಕು" ಎಂದರು. "ಬಂದು ಹೋದವರ ಮೈಯಲ್ಲಿ ರೋಗದ ಜೊತೆ ಹೋರಾಡುವ ಪಡೆ ಹುಟ್ಟಿರ್ತದೆ, ಅದಕ್ಕೆ ಆಂಟಿಬಾಡಿ ಅಂತೇವೆ. ಲಸಿಕೆ ಹಾಕಿಸಿಕೊಂಡವರಿಗೂ ಹುಟ್ತದೆ. ಆದರೆ ತಿಂಗಳು ಕಳೆದ ಹಾಗೆ ಎರಡೂ ಇಳೀತಾ ಹೋಗ್ತವೆ. ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಬಂದು ಹೋದವರಲ್ಲಂತೂ ಒಬ್ಬೊಬ್ಬರಿಗೆ ಒಂದೊಂದು ಥರ. ಹೊರಗೆ ನೋಡಿ ಹೇಳುವ ಹಾಗಿಲ್ಲ. ಬಂದು ಹೋದ ಮೇಲೆ ಲಸಿಕೆಯೂ ಬಿದ್ದರೆ ಹೆಚ್ಚು ಗಟ್ಟಿ."

"ನಮ್ಮೂರಲ್ಲಿ ಅಮ್ಮ ಒಂದೇ ಸಲ ಬರೋದು ಅಂತಾರಲ್ಲ?"

"ಅದು ನಿಜ, ಆ ರೋಗದ ಗುಣ ಹಾಗೆ. ಇದರ ಗುಣ ನೆಗಡಿ ಥರ. ಈಗ ವೇಷ ಬೇರೆ ಬದಲಿಸಿದೆ. ತಮ್ಮನ್ನ ಕರಕೊಂಡು ಬನ್ನಿ, ರೋಗಿಗಳ ಹತ್ತಿರ ಹೋಗೋದು ಬೇಡ ಹೇಳಿ."

ಅಷ್ಟು ಸ್ಪಷ್ಟವಾದ ಮಾತು. ಮನೆಗೆ ಬಂದು ಗಣಪಿಗೆ ಒಂದೊಂದಾಗಿ ಹೇಳಿದೆ. ಅವನು ಕೇಳಿಸಿಕೊಂಡ. ಅವನೇನು ಮೂರ್ಖನಲ್ಲ.

"ಆತು ಅಕ್ಕ. ಶನಿವಾರ ಇಬ್ರೂ ಹೋಗ್ವ" ಎಂದ.

ನಾನು ರವೀಂದ್ರನ ಅಂಗಡಿಗೂ ಹೋಗಿ ಇದನ್ನೇ ಹೇಳಿದೆ. ಕೇರಿಯವರು ಅವನ ಮಾತು ಕೇಳುತ್ತಾರೆ. ಗಣಪಿಯನ್ನು ಕರೆಯಬೇಡಿ ಎಂದು ಅವನು ಒಂದು ಮಾತು ಹೇಳಿದರೆ ಸಾಕಿತ್ತು. ರವೀಂದ್ರ ಮೊಬೈಲು ತೆಗೆದು ಯಾವನೋ ಕಳಿಸಿದ ವಿಡಿಯೋ ತೋರಿಸಿದ.

"ಇದ್ನ ನೋಡು ಸರೋಜಕ್ಕ. ಲಸಿಕೆಯಿಂದ ಬಂದ ಶಕ್ತಿ ಆರು ತಿಂಗ್ಳಲ್ಲಿ ಖಾಲಿ. ಬಂದು ಹೋದದ್ದು ಹಂಗಲ್ಲ, ಜನ್ಮಪೂರ್ತಿ ಗಟ್ಟಿ. ನಿನ್ನ ತಮ್ಮ ಪುಣ್ಯವಂತ."

"ಹಂಗಾದ್ರೆ ನೀ ಯಾಕೆ ಲಸಿಕೆ ಹಾಕ್ಸಕಂಡೆ? ಪುಣ್ಯ ಕಟ್ಕಳೂದಲ್ವಾ?"

ಅವನು ಹಲ್ಲು ಬಿಟ್ಟ. ಅವನಿಗೆ ಎರಡೂ ಸೂಜಿ ಆಗಿತ್ತು. ಎರಡನೆಯದು ಆದ ವಾರವೇ ಭಟ್ಕಳದ ಹತ್ತಿರ ಯಾರದೋ ಮದುವೆಗೆ ಹೋಗಿ, ಮೂಗು ಬಾಯಿ ಬಿಟ್ಟುಕೊಂಡು ಉಂಡು ಬಂದಿದ್ದ. "ನಂಗೆ ಎಂತ ಆಗ್ತದೆ, ಎರಡೂ ಆಗದೆ" ಎಂದು ಅಂಗಡಿಯಲ್ಲಿ ಕುಳಿತು ಕೊಚ್ಚಿಕೊಂಡಿದ್ದ. ಆ ಮದುವೆಯಿಂದ ಅವನು ತಂದ ಉಡುಗೊರೆ ಅವನ ಅಪ್ಪ ಬೀರಪ್ಪನಿಗೆ ತಾಗಿತು. ಸೂಜಿಗೆ ಹೆದರಿ ಲಸಿಕೆ ಹಾಕಿಸಿಕೊಳ್ಳದೆ ಕುಳಿತಿದ್ದ ಮುದುಕ.

ಶನಿವಾರ ಬೆಳಿಗ್ಗೆ ನಾನು ಸೀರೆ ಉಟ್ಟು ತಯಾರಾಗಿದ್ದೆ. ಗಣಪಿ ಇಸ್ತ್ರಿ ಅಂಗಿ ತೊಟ್ಟು ಆಧಾರ್ ಕಾರ್ಡು ಜೇಬಿಗಿಟ್ಟುಕೊಂಡಿದ್ದ. ಗೇಟಿನಲ್ಲಿ ರವೀಂದ್ರ ಬಂದು ನಿಂತ. ಮುಖಕ್ಕೆ ಎರಡು ಮಾಸ್ಕು.

"ಗಣಪಿ, ಅಪ್ಪ ಹಾಸ್ಗೀಲೇ ಎಲ್ಲಾ ಮಾಡ್ಕಂಡಾನೆ. ಉಸ್ರು ಮೇಲೆ ಕೆಳಗೆ ಆಗ್ತದೆ. ಆಸ್ಪತ್ರೆಗೆ ಹೇಳಿದ್ರೆ ಅಂಗಡಿ ಮುಚ್ಚಿಸ್ತ್ರು. ನೀ ಒಂದ್ಸಲ ಬಾ."

ನಾನು ಹೇಳಿದೆ, "ನಿಂಗೆ ಎರಡೂ ಆಗದಲಾ ರವೀಂದ್ರ. ನೀನೇ ಒಳಗೆ ಹೋಗು. ನಿನ್ನಪ್ಪ."

"ಲಸಿಕೆದು ಅಷ್ಟು ಗಟ್ಟಿ ಅಲ್ಲ ಸರೋಜಕ್ಕ. ನಾ ಅವತ್ತೇ ವಿಡಿಯೋ ತೋರ್ಸಿದ್ನಲ್ಲ?"

ಮದುವೆಯ ಊಟಕ್ಕೆ ಗಟ್ಟಿಯಿದ್ದ ಲಸಿಕೆ ಅಪ್ಪನ ಹೇಲು ತೊಳೆಯುವಾಗ ತೆಳ್ಳಗಾಗಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ. ನಾನು ಗಣಪಿಯ ರಟ್ಟೆ ಹಿಡಿದೆ. ಬೇಡ ಎಂದೆ. ಒಳಗಿನಿಂದ ಅವ್ವಿ ಕೂಗಿದಳು, "ಕರ್ದಾಗ ಹೋಗ್ದೆ ಇರಬಾರ್ದು ಗಣಪಿ."

ಗಣಪಿ ನನ್ನ ಮುಖ ನೋಡಿದ, ಗೇಟು ನೋಡಿದ. ಇಸ್ತ್ರಿ ಅಂಗಿ ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟ.

"ಬೀರಪ್ಪಣ್ಣ ಒಬ್ನೇ ಬಿದ್ಕಂಡಾನೆ ಅಕ್ಕ. ನೀ ಹೋಗಿ ಹಾಕ್ಸಕಂಡು ಬಾ. ನಾ ಮುಂದಿನ ಸಲ ಹಾಕ್ಸಕಳ್ತೆ."

ನಾನು ಒಬ್ಬಳೇ ಹೋಗಿ ಹಾಕಿಸಿಕೊಂಡೆ. ಮುಂದಿನ ಸಲ ಹೋದಾಗ ಲಸಿಕೆ ಮುಗಿದಿದೆ, ಮತ್ತೆ ಬಂದಾಗ ಹೇಳುತ್ತೇವೆ ಎಂದರು. ಗಣಪಿ ಅವತ್ತು ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದನೇ? ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆದರೆ ಅವತ್ತು ಬೀರಪ್ಪನ ಕೋಣೆಯಲ್ಲಿ ಇರುತ್ತಿರಲಿಲ್ಲ ಎಂಬುದಂತೂ ಗೊತ್ತು.

ರವೀಂದ್ರನ ಮನೆಯವರು ಮಹಡಿ ಹತ್ತಿ ಬಾಗಿಲು ಹಾಕಿಕೊಂಡರು. ಕೆಳಗೆ ಒಂದು ಕೋಣೆಯಲ್ಲಿ ಬೀರಪ್ಪ, ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಮಾಸ್ತಮ್ಮ. ಅವಳಿಗೆ ಸೊಂಟ ಮುರಿದು ವರ್ಷವಾಗಿತ್ತು, ಕಣ್ಣೂ ಮಂಜು. ಅವಳನ್ನು ಎತ್ತಿ ಮೇಲೆ ಒಯ್ಯಲು ಯಾರಿಗೂ ಮನಸ್ಸಾಗಲಿಲ್ಲ. ಹಾಗಾಗಿ ಗಣಪಿ ಮುದುಕನನ್ನು ತೊಳೆಸಿ, ತಾನು ಕೈಕಾಲು ತೊಳೆದು ಅಂಗಿ ಬದಲಿಸಿ, ಮುದುಕಿಗೂ ಹಾಸಿಗೆಯ ಪಕ್ಕ ಗಂಜಿ ಇಟ್ಟು ಬರುತ್ತಿದ್ದ. ಗಂಜಿಯ ಪಾತ್ರೆಯನ್ನು ಮಹಡಿಯಿಂದ ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ. ಅದನ್ನು ಹೇಳುವಾಗ ಗಣಪಿಗೆ ನಗು.

ಬೀರಪ್ಪ ಸತ್ತ. ಆಗಲೂ ಗಣಪಿಯೇ ಮೈ ತೊಳೆಸಿದ, ಬಟ್ಟೆ ಸುತ್ತಿದ. ಮಗ ದೂರದಲ್ಲಿ ಕೊಡೆ ಹಿಡಿದು ನಿಂತು, ಮೊಬೈಲಿನಲ್ಲಿ ಫೋಟೋ ತೆಗೆದು ಬಂಧುಗಳಿಗೆ ಕಳಿಸಿದ. ಮಾಸ್ತಮ್ಮನಿಗೆ ಆ ಸಲ ರೋಗ ತಾಗಲಿಲ್ಲ.

ಗಣಪಿಗೆ ತಾಗಿತು.

ಮೊದಲು ಮೈಕೈ ನೋವು ಎಂದ. ಆಮೇಲೆ ಚಳಿ ಜ್ವರ. ಅವ್ವಿ ಕಾಳುಮೆಣಸಿನ ಕಷಾಯ ಕಾಸಿ ಕುಡಿಸಿದಳು. "ಬರೇ ಸುಸ್ತು. ಅಂವಂಗೆ ಅದು ಮತ್ತೆ ಬರೂದಿಲ್ಲ" ಎಂದು ತನಗೇ ಹೇಳಿಕೊಳ್ಳುವಂತೆ ಹೇಳುತ್ತಿದ್ದಳು. ಕೇರಿಯವರೂ ಅದನ್ನೇ ಹೇಳಿದರು. ನಾಗಪತಿ ಗೇಟಿನಾಚೆಯಿಂದ, "ಮಳೇಲಿ ನೆನ್ದದ್ದು, ಮತ್ತೆಂತ ಅಲ್ಲ" ಎಂದ. ಮತ್ತೆ ಬರುತ್ತದೆ ಎಂದು ಒಪ್ಪಿಕೊಂಡರೆ ಅವನನ್ನು ಕಳಿಸಿದ್ದು ತಪ್ಪು ಎಂದೂ ಒಪ್ಪಿಕೊಳ್ಳಬೇಕಲ್ಲ. ಅದಕ್ಕಿಂತ ಮಳೆಯನ್ನು ದೂರುವುದು ಸುಲಭ.

ಅವನಿಗೆ ಉಸಿರು ಎಳೆಯುವುದು ಕಷ್ಟವಾದಾಗ ನಾನು ರವೀಂದ್ರನ ಮನೆಗೆ ಓಡಿದೆ. ಕೇರಿಯಲ್ಲಿ ಕಾರು ಇದ್ದದ್ದು ಅವನದೊಂದೇ. ಮಹಡಿಯ ಕಿಟಕಿಯಿಂದ ಇಣುಕಿದ.

"ಅದಲ್ಲ ಸರೋಜಕ್ಕ, ಬೇರೆ ಎಂತದೋ. ಅಂವಂಗೆ ಅದು ಬರುಕೆ ಸಾಧ್ಯವೇ ಇಲ್ಲ."

"ಅದಲ್ಲದಿದ್ರೆ ಒಳ್ಳೇದಾತು. ಕಾರು ತೆಗಿ, ಆಸ್ಪತ್ರೆಗೆ ಹೋಗ್ವ."

ಅವನು ಕಿಟಕಿಯ ಬಾಗಿಲು ಅರ್ಧ ಮುಚ್ಚಿಕೊಂಡ. ಆಮೇಲೆ ಹೇಳಿದ, "ಕಾರಿನ ಸೀಟು ಬಟ್ಟೇದು. ತೊಳೂಕೆ ಬರೂದಿಲ್ಲ."

ಕೊರೋನಾ ಅಲ್ಲವಂತೆ, ಆದರೆ ಸೀಟು ತೊಳೆಯಬೇಕಂತೆ. ಇವರ ಮೈಯಲ್ಲಿ ಮನುಷ್ಯರ ರಕ್ತ ಹರಿಯುತ್ತದೆಯೋ ಗಟಾರದ ನೀರೋ ಎಂದು ಕೇಳಬೇಕೆನಿಸಿತು. ಕೇಳಲು ಹೊತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆ. ಬಂದವರು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಇಷ್ಟು ತಡ ಮಾಡಿದ್ದೇಕೆ ಎಂದು ಕೇಳಿದರು. ಸ್ಟ್ರೆಚರಿನ ಮೇಲೆ ಮಲಗಿಸುವಾಗ ಗಣಪಿ ಉಸಿರಿನ ಮಧ್ಯೆ ಹೇಳಿದ್ದು ಒಂದೇ ಮಾತು, "ಮಾಸ್ತಮ್ಮಂಗೆ ಗಂಜಿ ಯಾರು ಕೊಡ್ತ್ರು?"

ಆಸ್ಪತ್ರೆಯಲ್ಲಿ ಅವರು ಕೈಲಾದದ್ದೆಲ್ಲ ಮಾಡಿದರು. ಅವನು ಉಳಿಯಲಿಲ್ಲ. ಇಡೀ ಕೇರಿಯ ಹೆಣಕ್ಕೆ ಬಟ್ಟೆ ಸುತ್ತಿದವನಿಗೆ ಯಾರೋ ಗುರುತಿಲ್ಲದವರು ಸುತ್ತಿದರು. ಅವರ ಕೈ ತಣ್ಣಗಿರಲಿ.

ಅವನನ್ನು ನೋಡಿಕೊಂಡ ನನಗೂ ಬಂತು, ಅವ್ವಿಗೆ ಈ ಸಲವೂ ತಾಗಲಿಲ್ಲ. ಕೆಲವು ದಿನ ಜ್ವರ, ಕೆಮ್ಮು, ಅಷ್ಟೇ. ಒಂದು ಸೂಜಿ ಆಗಿದ್ದರಿಂದ ಹಗುರಾಗಿರಬಹುದು ಎಂದರು ಡಾಕ್ಟರಮ್ಮ. ತಮ್ಮ ಇಸ್ತ್ರಿ ಅಂಗಿ ಬಿಚ್ಚಿಟ್ಟು ಹೋದ ದಿನ ನಾನು ಹಾಕಿಸಿಕೊಂಡ ಸೂಜಿ. ಬದುಕಿದ್ದಕ್ಕೆ ಸಂತೋಷಪಡುವುದು ಬಹಳ ದಿನ ನನ್ನಿಂದಾಗಲಿಲ್ಲ. ಅವ್ವಿ ಮಾತು ಬಿಟ್ಟಳು. ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ನಾನು ಅವಳನ್ನು ಬೈಯಲಿಲ್ಲ. ಅವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಬಿದ್ದಾಗಿತ್ತು.

ಆಷಾಢದ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ರವೀಂದ್ರ ಬಂದ. ಗಣಪಿ ಸತ್ತಾಗ ಬಾರದವನು, ಅವನ ಉತ್ತರಕ್ರಿಯೆಗೂ ಬಾರದವನು. ಮತ್ತದೇ ಗೇಟು, ಮತ್ತದೇ ಎರಡು ಮಾಸ್ಕು. ಅಂಗಳದ ಅರ್ಧದವರೆಗೆ ಬಂದು ನಿಂತ.

"ಸರೋಜಕ್ಕ, ಅಮ್ಮಂಗೆ ಬಂದದೆ. ಮೂರು ದಿನ ಆತು. ಹಿಂದಿನ ಕೋಣೇಲೆ ಅದೆ. ನನ್ನ ಹೆಂಡ್ತಿ ಮಕ್ಕಳು ಹೆದರ್ಕಂಡು ಮೇಲೆ ಕೂತ್ಕಂಡಾರೆ."

ಅವನು ಏನು ಕೇಳಲು ಬಂದಿದ್ದಾನೆಂದು ಗೊತ್ತಾಗಿತ್ತು. ಬಾಯಿ ಬಿಟ್ಟು ಕೇಳುವಷ್ಟು ನಾಚಿಕೆಗೆಟ್ಟಿದ್ದಾನೆಯೇ ಎಂದು ನೋಡುತ್ತಿದ್ದೆ. ಕೆಟ್ಟಿದ್ದ.

"ನೀ ಸ್ವಲ್ಪ ಬಂದು ನೋಡ್ಕಂಡ್ರೆ ಆಗ್ತಿತ್ತು. ಹೆಂಗ್ಸಿಗೆ ಹೆಂಗ್ಸೇ ಆದ್ರೆ ಚಲೋ."

"ನನ್ನ ತಮ್ಮ ಸತ್ತದ್ದು ಗೊತ್ತದೆಯಾ ನಿಂಗೆ?"

"ಅಯ್ಯೋ, ಗೊತ್ತಿಲ್ದೇ ಎಂತ. ರಾಶಿ ಬೇಜಾರಾತು." ದನಿ ತಗ್ಗಿಸಿ ಒಂದು ಹೆಜ್ಜೆ ಮುಂದೆ ಬಂದ. "ನಾ ಈಗ ಸರಿಯಾಗಿ ಕೇಳ್ಕಂಡು ಬಂದೆ ಸರೋಜಕ್ಕ. ನೀ ಹೇಳಿದ್ದೇ ಖರೆ, ಬಂದು ಹೋದದ್ದೂ ಇಳೀತದಂತೆ. ಗಣಪಿದು ಹಳೇದಾಗಿತ್ತು, ಅದ್ಕೇ ಹಂಗಾತು. ನಿಂದು ಹಂಗಲ್ಲ. ನಿಂಗೆ ಸೂಜಿನೂ ಆಗದೆ, ಬಂದೂ ಹೋಗದೆ. ಡಬಲ್. ಮತ್ತೆ ಈಗಿಂದು, ತಾಜಾ ಅದೆ."

ತಾಜಾ. ಮಾರ್ಕೆಟ್ಟಿನಲ್ಲಿ ಬಂಗಡೆ ಮೀನು ಎತ್ತಿ ಕಿವಿರು ಬಿಡಿಸಿ ನೋಡಿ ಹೇಳುವ ಹಾಗೆ ಹೇಳಿದ. ನನ್ನ ತಮ್ಮನದು ಹಳತು, ನನ್ನದು ತಾಜಾ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೊನೆಗೂ ಇವನು ಕಲಿತಿದ್ದ, ಕಲಿತು ಅದರಿಂದ ಮಾಡಿದ್ದು ಇದು. ನಾನು ಅವನ ಕಾಲ ಹತ್ತಿರ ಥೂ ಎಂದು ಉಗುಳಿದೆ.

ಅವನು ಹೌಹಾರಿ ಹಿಂದಕ್ಕೆ ಹಾರಿದ. ಚಪ್ಪಲಿ ಜಾರಿ ಕೆಸರಿನಲ್ಲಿ ಕುಳಿತ. "ಏಯ್, ತಾಗ್ತದೆ, ತಾಗ್ತದೆ!" ಎಂದು ಕೈ ಅಡ್ಡ ಹಿಡಿದ.

"ತಾಜಾ ಇದ್ದವಳ ಉಗುಳಿಗೆ ಯಾಕೆ ಹೆದರ್ತೆ ರವೀಂದ್ರ?" ಎಂದೆ. "ಹೋಗು. ನಾ ಬರೂದಿಲ್ಲ. ಹೆತ್ತವಳು ನಿನ್ನ ಮನೀಲೇ ಅದೆ, ಒಳಗೆ ಹೋಗಿ ನೋಡು."

ಅವನು ಎದ್ದು ಬೆನ್ನು ಒರೆಸಿಕೊಳ್ಳುತ್ತ ಹೋದ. ನಾನು ಬಾಗಿಲು ಹಾಕಿ ಹೊಲಿಗೆಗೆ ಕೂತೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಗೋಡೆಗೆ ಒರಗಿದ್ದ ಅವ್ವಿ ಎಷ್ಟೋ ದಿನಗಳ ಮೇಲೆ ಬಾಯಿ ತೆರೆದಳು.

"ಮಾಸ್ತಮ್ಮ ಎಂತ ಮಾಡ್ತದೆ? ಅದ್ರದ್ದೆಂತ ತಪ್ಪು?"

ಆ ಮುದುಕಿ ಮೂರು ದಿನದಿಂದ ಒದ್ದೆ ಹಾಸಿಗೆಯಲ್ಲಿ ಬಿದ್ದಿದ್ದಾಳೆ, ಮಗ ಅವಳನ್ನು ನೋಡುವುದಿಲ್ಲ, ಕೇರಿಯ ಯಾವನೂ ನೋಡುವುದಿಲ್ಲ. ಕೊನೆಗೆ ಯಾರು ಮೊದಲು ಸೋಲುತ್ತಾರೆ ಎಂಬುದರ ಮೇಲೆ ಅವಳ ಗಂಜಿ ನಿಂತಿದೆ. ಸೋಲುವವರು ಯಾವಾಗಲೂ ನಮ್ಮ ಮನೆಯವರೇ. ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಎದ್ದು ಹೋಗಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ.

ಆದರೆ ಗಣಪಿಯ ಹಾಗೆ ನಾನು ಹೋಗಲಿಲ್ಲ. ಗಂಜಿಯ ಪಾತ್ರೆ, ಒಂದು ಒಣಗಿದ ಸೀರೆ, ಬಕೆಟ್ಟು ಹಿಡಿದು ಕೇರಿಯ ನಡುವಿನ ದಾರಿಯಲ್ಲಿ ನಡೆದೆ. ರವೀಂದ್ರನ ಮನೆಯ ಎದುರು ನಿಂತು ಇಡೀ ಕೇರಿಗೆ ಕೇಳುವಂತೆ ಕೂಗಿದೆ.

"ರವೀಂದ್ರಾ, ಕೆಳಗೆ ಇಳಿ. ಗಂಜಿ ತಂದೆ. ನಿನ್ನ ತಾಯಿಗೆ ನೀನೇ ಕುಡ್ಸು. ಹೆಂಗೆ ಎತ್ತೂದು, ಹೆಂಗೆ ತೊಳೂದು ಹೇಳಿ ಕಿಟಕಿಯಿಂದ ನಾ ಹೇಳ್ಕೊಡ್ತೆ. ನೀ ಒಳಗೆ ಹೋಗದೇ ನಾ ಇಲ್ಲಿಂದ ಕದಲೂದಿಲ್ಲ."

ಮೆಟ್ಟಿಲ ಮೇಲೆ ಕುಳಿತೆ. ಮನೆಮನೆಯ ಜಗಲಿಗೆ ಜನ ಬಂದರು. ನಾಗಪತಿ ಈರುಳ್ಳಿ ಚೀಲ ಹೊತ್ತವನು ಹಾಗೇ ನಿಂತ. ಮಳೆ ಸುರಿಯಿತು, ನಾನು ಏಳಲಿಲ್ಲ. ಅವರೆಲ್ಲ ನೋಡುತ್ತಿದ್ದದ್ದು ನನ್ನನ್ನಲ್ಲ, ಮಹಡಿಯ ಕಿಟಕಿಯನ್ನು. ಇಷ್ಟು ದಿನ ಗಣಪಿಯ ಹಿಂದೆ ಅಡಗಿದ್ದವರಿಗೆ ಈಗ ನೋಡಲು ರವೀಂದ್ರ ಸಿಕ್ಕಿದ್ದ. ಅದೂ ಅಸಹ್ಯವೇ. ಇರಲಿ ಎಂದುಕೊಂಡೆ.

ಕೊನೆಗೆ ಅವನು ಇಳಿದು ಬಂದ. ಮಾಸ್ಕು, ಅದರ ಮೇಲೆ ಟವೆಲು, ಕೈಗೆ ಪ್ಲಾಸ್ಟಿಕ್ ಚೀಲ. ನನ್ನ ಮುಖ ನೋಡದೆ ಪಾತ್ರೆ ಎತ್ತಿಕೊಂಡ. ನಾನು ಮನೆ ಸುತ್ತಿ ಹಿಂದಿನ ಕಿಟಕಿಯ ಬಳಿ ಹೋಗಿ ನಿಂತೆ. ಬಾಗಿಲು ತೆಗೆದಾಗ ಬಂದ ವಾಸನೆಗೆ ಅವನು ಒಂದು ಗಳಿಗೆ ಹೊಸ್ತಿಲಲ್ಲೇ ನಿಂತ. ಆಮೇಲೆ ಒಳಗೆ ಕಾಲಿಟ್ಟ.

ಕತ್ತಲೆಯ ಮೂಲೆಯಲ್ಲಿ ಮಾಸ್ತಮ್ಮ ತಲೆ ಎತ್ತಲು ನೋಡಿದಳು. ಹೆಜ್ಜೆಯ ಸದ್ದು ಬಂದ ಕಡೆಗೆ ಕೈ ಚಾಚಿದಳು.

"ಗಣಪೀ, ಬಂದ್ಯಾ ಮಗಾ? ರಾಶಿ ದಿನ ಆತಲಾ" ಎಂದಳು.

ರವೀಂದ್ರ ತಾನು ಗಣಪಿಯಲ್ಲ ಎನ್ನದೆ ಗಂಜಿಯ ಪಾತ್ರೆ ಅವಳ ಬಾಯಿಗೆ ಹಿಡಿದ.